ಸೋಲೇ ಕಾಣದ ಕಿಂಚೆಮ್

ನಮ್ಮ ಮನೆಯಲ್ಲಿ ‘ರೇಸ್’ ಎಂಬ ಮಾತನ್ನು ಯಾರೂ ಎತ್ತುವಂತಿರಲಿಲ್ಲ. ಕಾರಣ ನಮ್ಮಪ್ಪ. ತುಂಬಾ ಒಳ್ಳೆಯ ಮನುಷ್ಯ, ಮಕ್ಕಳ ಮೇಲೆ ಒಂದು ದಿನ ಕೈ ಎತ್ತಿದವರಲ್ಲ. ಆದರೆ ಸಂಬಳವಾದ ವಾರ ಅವರ ಅಂಗಿ ಜೇಬಿನಲ್ಲಿ ಮಡಿಸಿಟ್ಟ ರೇಸ್ ಪುಸ್ತಕ ಕಂಡರೆ ಅಮ್ಮನ ಮುಖ ಸಣ್ಣಗಾಗುತ್ತಿತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಮ್ಮನ ನಾಲ್ಕು ಚಿನ್ನದ ಬಳೆ ಗಿರವಿ ಅಂಗಡಿಗೆ ಹೋದವು. ಮತ್ತೆ ಬರಲೇ ಇಲ್ಲ. ಮುಂದೆ ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಸೇರಿ, ಚಿನ್ನದ ಸಾಲದ ಕೌಂಟರಿನಲ್ಲೇ ಎಷ್ಟೋ ವರ್ಷ ಕೂತೆ. ಯಾರಾದರೂ ಹೆಂಗಸು ಕೈಯಿಂದ ಬಳೆ ಬಿಚ್ಚಿ ತಕ್ಕಡಿಯ ಕಡೆ ಸರಿಸಿದರೆ ನಾನು ತಲೆ ತಗ್ಗಿಸಿ ಲೆಡ್ಜರ್ ನೋಡುತ್ತಿದ್ದೆ.

ಹೀಗಿರುವಾಗ ಐದನೇ ಕ್ಲಾಸಿನ ಮೊಮ್ಮಗಳು ಕಳೆದ ತಿಂಗಳು ಬಂದು, “ತಾತ, ಸ್ಕೂಲಲ್ಲಿ ನನಗಿಷ್ಟವಾದ ಪ್ರಾಣಿ ಬಗ್ಗೆ ಮಾತಾಡಬೇಕು. ರೇಸ್ ಕುದುರೆ ಆರಿಸ್ಕೊಂಡಿದೀನಿ” ಅಂದಳು.

“ಬೇರೆ ಪ್ರಾಣಿಯೇ ಸಿಗಲಿಲ್ವಾ ನಿನಗೆ? ಆನೆ ಇಲ್ವಾ?” ಎಂದು ಸಿಡುಕಿದೆ. ಅವಳ ಕಣ್ಣು ತುಂಬಿಕೊಂಡಿತು. ಕೊನೆಗೆ ಅವಳ ಜೊತೆ ಕೂತು ಓದಿದವನು ನಾನೇ. ಈಗ ಆ ಕುದುರೆಯ ಕಥೆ ಹೇಳದೆ ಇರಲಾರೆ.

ಅದರ ಹೆಸರು ಕಿಂಚೆಮ್. 1874ರ ಮಾರ್ಚ್ 17ರಂದು ಹಂಗೇರಿ ದೇಶದಲ್ಲಿ ಹುಟ್ಟಿದ ಹೆಣ್ಣು ಕುದುರೆ. ಹಂಗೇರಿಯ ಭಾಷೆಯಲ್ಲಿ ಕಿಂಚೆಮ್ ಅಂದರೆ ‘ನನ್ನ ನಿಧಿ’. ನಾವು ಮಕ್ಕಳನ್ನು ‘ನನ್ನ ಬಂಗಾರ’ ಅನ್ನುವುದಿಲ್ಲವೇ, ಹಾಗೆ. ಒಡೆಯ ಎರ್ನೊ ಬ್ಲಾಶ್ಕೊವಿಚ್. ಮರಿಯಾಗಿದ್ದಾಗ ಅದು ಉದ್ದುದ್ದ ಕಾಲಿನ, ಸಣಕಲು ಮೈಯ, ಕಂದುಗೆಂಪು ಬಣ್ಣದ ಪ್ರಾಣಿ. ಬ್ಲಾಶ್ಕೊವಿಚ್ ತನ್ನ ಏಳು ಮರಿಗಳನ್ನು ಮಾರಲು ಹೊರಟಾಗ ಕೊಳ್ಳಲು ಬಂದ ಶ್ರೀಮಂತ ಐದನ್ನು ಕೊಂಡು ಎರಡನ್ನು ಬೇಡವೆಂದನಂತೆ. ಬೇಡವಾದ ಎರಡರಲ್ಲಿ ಕಿಂಚೆಮ್ ಒಂದು!

1876ರಲ್ಲಿ ಎರಡು ವರ್ಷದ ಕಿಂಚೆಮ್ ಬರ್ಲಿನ್ನಿನಲ್ಲಿ ಮೊದಲ ಸಲ ಓಡಿ ಗೆದ್ದಳು. (ಅವಳನ್ನು ‘ಅದು’ ಅಂದರೆ ಮೊಮ್ಮಗಳು ಬೈಯುತ್ತಾಳೆ.) ಆ ವರ್ಷ 10 ಓಟ, ಮುಂದಿನ ವರ್ಷ 17, ಅದರ ಮುಂದಿನ ವರ್ಷ 15, 1879ರಲ್ಲಿ 12. ಗುಮಾಸ್ತನ ಅಭ್ಯಾಸ, ಎರಡು ಸಲ ಕೂಡಿ ನೋಡಿದೆ. ಒಟ್ಟು 54. ಗೆದ್ದದ್ದೂ 54! ಲೆಕ್ಕ ಬರೆದವನಾದ್ದರಿಂದ ಇದನ್ನೂ ಹೇಳಿಬಿಡಬೇಕು: ಇವುಗಳಲ್ಲಿ ಕೆಲವು, ಎದುರಾಳಿಗಳೇ ಬಾರದೆ ಒಂಟಿಯಾಗಿ ಓಡಿ ಗೆದ್ದವು. ಅವಳ ಹೆಸರು ಕೇಳಿಯೇ ಬೇರೆಯವರು ಹಿಂದೆ ಸರಿದರೆ ಅದು ಅವಳ ತಪ್ಪೇ? ನಮ್ಮ ಕಾಲದಲ್ಲಿ ಆಸ್ಟ್ರೇಲಿಯಾದ ಬ್ಲ್ಯಾಕ್ ಕೇವಿಯರ್ ಎಂಬ ಹೆಣ್ಣು ಕುದುರೆಯೂ ಸೋಲದೆ ನಿವೃತ್ತಿಯಾಯಿತು. ಅದು ಗೆದ್ದದ್ದು 25.

1878ರಲ್ಲಿ ಕಿಂಚೆಮ್ ರೈಲು, ಹಡಗು ಹತ್ತಿ ಇಂಗ್ಲೆಂಡಿಗೆ ಹೋದಳು. ಗುಡ್‌ವುಡ್ ಕಪ್ ಓಟದಲ್ಲಿ ಇದ್ದದ್ದು ಮೂರೇ ಕುದುರೆಗಳು. ಗೆಲ್ಲುವ ಭರವಸೆ ಅಲ್ಲಿಯ ಜನಕ್ಕೆ ಈ ಪರದೇಶಿಯ ಮೇಲೇ ಎಲ್ಲಕ್ಕಿಂತ ಕಡಿಮೆ. ಗೆದ್ದವಳು ಅವಳೇ. ಬಳಿಕ ಫ್ರಾನ್ಸಿನ ದೋವಿಲ್‌ನಲ್ಲಿ ಗೆದ್ದು, ಜರ್ಮನಿಯ ಬಾಡೆನ್-ಬಾಡೆನ್‌ಗೆ ಬಂದಾಗ ಮಾತ್ರ ಎದೆ ಧಸಕ್ಕೆನ್ನುವಂತಾಯಿತು. ಇನ್ನೊಂದು ಕುದುರೆ ಅವಳ ಸರಿಸಮಕ್ಕೆ ಗುರಿ ಮುಟ್ಟಿಬಿಟ್ಟಿತು. ಎರಡನ್ನೇ ಮತ್ತೆ ಓಡಿಸಿದರು. ದಣಿದ ಮೈಯಲ್ಲೇ ಓಡಿ ಕಿಂಚೆಮ್ ಸಲೀಸಾಗಿ ಗೆದ್ದಳು.

ಆದರೆ ಮೊಮ್ಮಗಳಿಗೆ ಇಷ್ಟವಾದದ್ದು ಕಪ್ಪುಗಳಲ್ಲ, ಬೆಕ್ಕು. ಕಿಂಚೆಮ್‌ಗೊಂದು ಬೆಕ್ಕಿನ ಗೆಳೆತನವಿತ್ತು. ಅದಿಲ್ಲದೆ ಅವಳು ರೈಲು ಹತ್ತುತ್ತಿರಲಿಲ್ಲ. ಇಂಗ್ಲೆಂಡಿನಿಂದ ಮರಳುವಾಗ ಬೆಕ್ಕು ಎಲ್ಲೋ ತಪ್ಪಿಸಿಕೊಂಡಿತಂತೆ. ಕಿಂಚೆಮ್ ಬಂದರಿನಲ್ಲೇ ನಿಂತು ಎರಡು ಗಂಟೆ ಕೆನೆಯುತ್ತಾ ಕರೆದಳಂತೆ, ಅದು ಬರುವ ತನಕ. ಇನ್ನೊಬ್ಬ ಗೆಳೆಯ ಅವಳನ್ನು ನೋಡಿಕೊಳ್ಳುತ್ತಿದ್ದ ಹುಡುಗ ಫ್ರಾಂಕಿ. ಒಂದು ಚಳಿಯ ರಾತ್ರಿ ಅವನು ಹೊದಿಕೆಯಿಲ್ಲದೆ ಪಕ್ಕದಲ್ಲಿ ಮಲಗಿದ್ದಾಗ ಅವಳು ತನ್ನ ಮೈಮೇಲಿನ ಕಂಬಳಿಯನ್ನೇ ಹಲ್ಲಿನಿಂದ ಎಳೆದು ಅವನ ಮೇಲೆ ಹಾಕಿದಳು ಎನ್ನುತ್ತಾರೆ. ಹಿಂದೆ ಮುಂದೆ ಯಾರೂ ಇಲ್ಲದ ಫ್ರಾಂಕಿ ಸೈನ್ಯ ಸೇರುವಾಗ ಮನೆತನದ ಹೆಸರು ಕೇಳಿದ್ದಕ್ಕೆ ‘ಕಿಂಚೆಮ್’ ಎಂದೇ ಬರೆಸಿದನಂತೆ.

1887ರಲ್ಲಿ, ಸರಿಯಾಗಿ ತನ್ನ ಹದಿಮೂರನೇ ಹುಟ್ಟುಹಬ್ಬದ ದಿನ, ಹೊಟ್ಟೆನೋವಿನಿಂದ ಕಿಂಚೆಮ್ ತೀರಿಕೊಂಡಳು. ಬುಡಾಪೆಸ್ಟ್ ನಗರದ ರೇಸ್ ಮೈದಾನಕ್ಕೆ ಇಂದು ಅವಳದೇ ಹೆಸರು. ಅವಳ ಅಸ್ಥಿಪಂಜರವನ್ನು ಅಲ್ಲಿನ ಕೃಷಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ.

ಇಷ್ಟೆಲ್ಲ ಓದಿದ ಮೇಲೆ ಒಂದು ಸಂಜೆ, ಮೊದಲ ದಿನ ಯಾಕೆ ಸಿಡುಕಿದೆ ಎಂದು ಮೊಮ್ಮಗಳು ಕೇಳಿದಳು. ಮಗನಿಗೂ ಸರಿಯಾಗಿ ಹೇಳದ ಬಳೆಯ ಕಥೆಯನ್ನು ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮಪ್ಪ ದುಡ್ಡು ಕಟ್ಟಿದ ಕುದುರೆ ಹೆಸರೇನು ತಾತ?” ಅಂದಳು.

ಗೊತ್ತಿರಲಿಲ್ಲ. ಅರವತ್ತು ವರ್ಷ ಆ ಕುದುರೆಗೆ ಶಾಪ ಹಾಕಿದ್ದೇನೆ, ಹೆಸರು ಕೇಳಿದವನಲ್ಲ.

“ಪಾಪ, ಅದರ ಮೇಲೆ ದುಡ್ಡು ಕಟ್ಟಿದಾರೆ ಅಂತ ಅದಕ್ಕೆ ಗೊತ್ತಿತ್ತಾ?”

ನಾನು ಇಲ್ಲವೆಂದು ತಲೆಯಾಡಿಸಿದೆ.

ನಾಳೆ ಅವಳ ಭಾಷಣ. ನಿನ್ನೆ ರಾತ್ರಿ ಹಾಲ್‌ನಲ್ಲಿ ಅಭ್ಯಾಸ ನಡೆಯಿತು. ನನ್ನದು ಫ್ರಾಂಕಿಯ ಪಾತ್ರ. ಬರೀ ಚಾಪೆಯ ಮೇಲೆ ಮಲಗಿ ಚಳಿಗೆ ನಡುಗುತ್ತಿದ್ದೆ. ಮೊಮ್ಮಗಳು ನಾಲ್ಕು ಕಾಲಲ್ಲಿ ಬಂದು, ಕಂಬಳಿಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ನನ್ನ ಭುಜದ ತನಕ ಹೊದಿಸಿ, “ತಾತ, ನೀವು ನಗಬಾರದು, ನಿಮಗೆ ನಿದ್ದೆ ಬಂದಿದೆ” ಅಂದಳು.