ಪರದೆಯ ಮೇಲೆ 3000, ಒಳಗೆ 9.8425

ಕಟ್ಟಡ ವಿನ್ಯಾಸದ ತಂತ್ರಾಂಶ ರೆವಿಟ್‌ನ ಮಾಡೆಲ್‌ನಲ್ಲಿ 3000 ಮಿಲಿಮೀಟರ್ ಎತ್ತರದ ಗೋಡೆ. ಪರದೆಯೂ ಹಾಗೇ ಹೇಳುತ್ತದೆ. ಅದೇ ಗೋಡೆಯ ಎತ್ತರವನ್ನು ಪೈಥಾನ್ ಸ್ಕ್ರಿಪ್ಟ್‌ನಿಂದ ಕೇಳಿದರೆ ಬರುವ ಉತ್ತರ 9.8425. ಅದು ಅಡಿ. ಪ್ರಾಜೆಕ್ಟನ್ನು ಯಾವ ಅಳತೆಗೆ ಹೊಂದಿಸಿದರೂ ಒಳಗೆ ಉದ್ದವೆಲ್ಲ ಅಡಿಯಲ್ಲಿ, ಕೋನವೆಲ್ಲ ರೇಡಿಯನ್‌ನಲ್ಲಿ. 304.8ರಿಂದ ಗುಣಿಸಿದರೆ ನಮ್ಮ 3000 ಮರಳಿ ಸಿಗುತ್ತದೆ. ಓದುವಾಗ ಇದು ಬರೀ ಗೊಂದಲ, ಬರೆಯುವಾಗ ಅಪಾಯ. ಎತ್ತರಕ್ಕೆ 3000 ಎಂದು ಕೊಟ್ಟರೆ ತಂತ್ರಾಂಶ ಅದನ್ನು 3000 ಅಡಿ ಎಂದೇ ತಿಳಿಯುತ್ತದೆ. ಅಂದರೆ 914 ಮೀಟರ್. ಬುರ್ಜ್ ಖಲೀಫಾ ಇರುವುದೇ 828 ಮೀಟರ್.

ರೆವಿಟ್‌ನಲ್ಲಿ ನೋಡ್‌ಗಳನ್ನು ಜೋಡಿಸಿ ಸ್ಕ್ರಿಪ್ಟ್ ಕಟ್ಟುವ ಡೈನಮೊದಲ್ಲಿ ಇನ್ನೂ ವಿಚಿತ್ರ. ಅಲ್ಲಿನ ಸಿದ್ಧ ನೋಡ್‌ನಿಂದ ಕೇಳಿದರೆ 3000, ಪಕ್ಕದ ಪೈಥಾನ್ ನೋಡ್‌ನಲ್ಲಿ ಎಪಿಐ, ಅಂದರೆ ಸ್ಕ್ರಿಪ್ಟ್‌ಗಳಿಗೆ ರೆವಿಟ್ ತೆರೆದಿಟ್ಟ ದಾರಿ, ಅದರ ಮೂಲಕ ಕೇಳಿದರೆ 9.8425. 30×40 ಅಡಿ ಸೈಟಿಗೆ ಮಿಲಿಮೀಟರ್‌ನಲ್ಲಿ ಡ್ರಾಯಿಂಗ್ ಮಾಡುವ ಬೆಂಗಳೂರಿನವರಿಗೆ ಎರಡು ಅಳತೆಗಳ ಸಹವಾಸ ಹೊಸದಲ್ಲ. ಆದರೆ ನಾವು ಬಾಯಿಬಿಟ್ಟು 'ಅಡಿ' ಅನ್ನುತ್ತೇವೆ. ಇಲ್ಲಿ ಬರುವುದು ಬರಿಯ ಅಂಕಿ.

*

ಬಾಗಿಲು ಯಾವ ಲೆವೆಲ್‌ನಲ್ಲಿ, ಅಂದರೆ ಯಾವ ಮಹಡಿ ಮಟ್ಟದಲ್ಲಿ, ಇದೆ ಎಂದು ಸ್ಕ್ರಿಪ್ಟ್‌ನಿಂದ ನೇರ ಪಠ್ಯವಾಗಿ ಕೇಳಿದರೆ ಉತ್ತರವೇ ಇಲ್ಲ. ಒಳಗಿರುವುದು ಲೆವೆಲ್‌ನ ಹೆಸರಲ್ಲ, ಅದರ ಐಡಿ. ಹೌದು-ಇಲ್ಲ ಎಂಬ ಟಿಕ್ ಗುರುತು ಕೂಡ ಒಳಗೆ 1 ಅಥವಾ 0.

*

ಪ್ಲಾನ್‌ನಲ್ಲಿ ಅಳಿಸಿದ ರೂಮ್ ಸ್ಕ್ರಿಪ್ಟಿನ ಲೆಕ್ಕಕ್ಕೆ ಬರುತ್ತಲೇ ಇರುತ್ತದೆ! ಅಳಿಸಿದ್ದು ಅದರ ಜಾಗವನ್ನು ಮಾತ್ರ; ರೂಮ್ ಪ್ರಾಜೆಕ್ಟ್‌ನಲ್ಲೇ ಉಳಿದಿದೆ, ವಿಸ್ತೀರ್ಣ 0. ಗೋಡೆ ಪೂರ್ತಿ ಕೂಡಿಕೊಳ್ಳದ ರೂಮಿಗೂ 0. ಒಂದೇ ಆವರಣದಲ್ಲಿ ಎರಡು ರೂಮ್ ಇಟ್ಟರೆ ಎರಡನೆಯದಕ್ಕೂ 0. ಶೆಡ್ಯೂಲ್ ಎಂಬ ರೂಮ್ ಪಟ್ಟಿ ಈ ಮೂರಕ್ಕೂ ಬೇರೆ ಬೇರೆ ಕಾರಣ ತೋರಿಸುತ್ತದೆ, ವಿಸ್ತೀರ್ಣ ಕೇಳಿದರೆ ಎಪಿಐ ಸೊನ್ನೆಯನ್ನಷ್ಟೇ ಕೊಡುತ್ತದೆ. ವಿಸ್ತೀರ್ಣವನ್ನು ಸ್ಕ್ರಿಪ್ಟ್‌ನಿಂದ ತಿದ್ದಲು ಹೋದರೆ ಬಿಡುವುದಿಲ್ಲ, ಅದು ಓದಲು ಮಾತ್ರ. ಬೇಕಿದ್ದರೆ ಗೋಡೆ ಸರಿಸಿ. ಈ ಹಟ ನನಗೆ ತುಂಬಾ ಹಿಡಿಸಿತು.

*

ಓದಲು ಅನುಮತಿ ಬೇಡ. ಮಾಡೆಲ್ ತಿದ್ದಲು ಮಾತ್ರ ಟ್ರಾನ್ಸಾಕ್ಷನ್, ಅಂದರೆ ಒಟ್ಟಾಗಿ ಉಳಿಯುವ ಅಥವಾ ರದ್ದಾಗುವ ಬದಲಾವಣೆಗಳ ಗುಂಪು, ತೆರೆಯಬೇಕು, ಇಲ್ಲದಿದ್ದರೆ ಒಂದು ಅಕ್ಷರವೂ ಬದಲಾಗದೆ ಎರರ್ ಬರುತ್ತದೆ. ಟ್ರಾನ್ಸಾಕ್ಷನ್‌ಗೆ ಇಟ್ಟ ಹೆಸರು ಅನ್‌ಡೂ ಪಟ್ಟಿಯಲ್ಲಿ ಕಾಣಿಸುತ್ತದೆ. 'ಟೆಸ್ಟ್' ಎಂದಿಡುವವರೇ ಹೆಚ್ಚು. ಏನು ಬದಲಾಯಿತೋ ಅದನ್ನೇ ಹೆಸರಾಗಿಟ್ಟರೆ, ಸಂಜೆ ಅದೇ ಫೈಲ್ ಮುಂದೆ ಕೂತಿರುವವರಿಗೆ ಎಷ್ಟು ಉಪಕಾರ!

*

ನನ್ನನ್ನು ಹೆಚ್ಚು ಕಾಡಿದ್ದು ಬಾಗಿಲಿನ ಫೈರ್ ರೇಟಿಂಗ್, ಅಂದರೆ ಅದು ಬೆಂಕಿಯನ್ನು ಎಷ್ಟು ಹೊತ್ತು ತಡೆಯುತ್ತದೆ ಎಂಬ ಗುರುತು.

ಮೆಟ್ಟಿಲ ಬಳಿಯ ಒಂದು ಬಾಗಿಲನ್ನು ಆರಿಸಿ ಅದರ ಫೈರ್ ರೇಟಿಂಗ್ ಕೇಳಿ. ಸಿಗುವುದಿಲ್ಲ. ಮಾರ್ಕ್, ಕಾಮೆಂಟ್ಸ್ ಆಯಾ ಬಾಗಿಲಿನ ಸ್ವಂತದ್ದು. ಫೈರ್ ರೇಟಿಂಗ್ ಇರುವುದು ಅದರ ಟೈಪ್‌ನಲ್ಲಿ. ಸರಿ, ಟೈಪ್‌ಗೆ ಹೋಗಿ '60 ನಿಮಿಷ' ಎಂದು ಬರೆದರೆ ಬದಲಾಗುವುದು ಆ ಒಂದು ಬಾಗಿಲಲ್ಲ. ಅದೇ ಟೈಪ್‌ನ ಮಲಗುವ ಕೋಣೆಯ ಬಾಗಿಲು, ಸ್ಟೋರ್ ರೂಮ್ ಬಾಗಿಲು ಎಲ್ಲವೂ ಬದಲಾಗುತ್ತವೆ. ಎಚ್ಚರಿಕೆಯ ಸಂದೇಶವೂ ಇಲ್ಲ. ಮೆಟ್ಟಿಲ ಬಾಗಿಲಿಗೆಂದು ಮೊದಲು ಟೈಪ್ ಅನ್ನು ಡೂಪ್ಲಿಕೇಟ್ ಮಾಡಿ, ಬಾಗಿಲನ್ನು ಅದಕ್ಕೆ ಸೇರಿಸಿ, ಆಮೇಲೆ ಬರೆಯಬೇಕು.

ಇನ್ನೊಂದು ತೊಡಕು: ಅದು ಬರೀ ಪಠ್ಯ. '60 ನಿಮಿಷ', '1 ಗಂಟೆ', '60' ಮನುಷ್ಯರಿಗೆ ಒಂದೇ, ಸ್ಕ್ರಿಪ್ಟಿಗೆ ಮೂರು. 60ಕ್ಕಿಂತ ಕಡಿಮೆ ಇರುವ ಬಾಗಿಲು ಹುಡುಕು ಎಂದರೆ '1 ಗಂಟೆ'ಯನ್ನು ಎಲ್ಲಿಗೆ ಸೇರಿಸಬೇಕೆಂದು ಅದಕ್ಕೆ ತಿಳಿಯದು. ಗೋಡೆಯ ಉದ್ದಕ್ಕೆ ಅಳತೆಯ ಕಟ್ಟುನಿಟ್ಟು, ಹೊಗೆ ತುಂಬಿದಾಗ ಜನ ಇಳಿದು ಬರಬೇಕಾದ ದಾರಿಯ ಬಾಗಿಲಿಗೆ ಮಾತ್ರ ತೋಚಿದ್ದು ಬರೆದುಕೊಳ್ಳುವ ಸಲಿಗೆ. ಯಾಕೆ ಹೀಗೆ? ದೇಶದಿಂದ ದೇಶಕ್ಕೆ ಬರೆಯುವ ಪದ್ಧತಿ ಬೇರೆ, ನಿಜ. ಆ ಕಾರಣ ನನಗೆ ಸಾಲದು.

ಹಾಗಾಗಿ ಮೊದಲ ಸ್ಕ್ರಿಪ್ಟ್ ಏನನ್ನೂ ತಿದ್ದದೆ, ಮಾಡೆಲ್‌ನಲ್ಲಿರುವ ಫೈರ್ ರೇಟಿಂಗ್ ಪಠ್ಯಗಳನ್ನೆಲ್ಲ, ಖಾಲಿ ಬಿಟ್ಟವನ್ನೂ ಸೇರಿಸಿ, ಟೈಪ್‌ವಾರು ಪಟ್ಟಿ ಮಾಡಿದರೆ ಸಾಕು. ಆ ಪಟ್ಟಿ ಮೊದಲು ಹೋಗಬೇಕಾದದ್ದು ಅಗ್ನಿಸುರಕ್ಷತೆ ನೋಡಿಕೊಳ್ಳುವ ಎಂಜಿನಿಯರ್ ಮೇಜಿಗೆ.