ಹಾನ್ಲೆಯಿಂದ, ಸ್ಟ್ಯಾಂಡಿನ ವಿಷಯವಾಗಿ

ಹಾನ್ಲೆ, ಲಡಾಖ್
ಮಹಾಲಯ ಅಮಾವಾಸ್ಯೆಯ ಮರುದಿನ

ಪ್ರೀತಿಯ ಅಣ್ಣ,

ನಾನು ಹೊರಡುವ ಹಿಂದಿನ ದಿನ ಫೋನಿನಲ್ಲಿ ಕೇಳಿದ್ದೆಯಲ್ಲ, ಹಗುರವೂ ಇರಬೇಕು, ಅಲ್ಲಾಡಲೂ ಬಾರದು, ಅಂಥ ಕ್ಯಾಮರಾ ಸ್ಟ್ಯಾಂಡ್ ಯಾವುದಿದೆ ಅಂತ. ಸ್ಟುಡಿಯೋಗೆ ಮದುವೆ ಸೀಸನ್ ಶುರುವಾಗುವ ಮೊದಲು ನೀನೂ ಅತ್ತಿಗೆಯೂ ಎಲ್ಲಾದರೂ ಹೋಗಿಬರುವ ಯೋಚನೆ ಇದೆ ಅಂದಿದ್ದೆ. ಬಟ್ಟೆ ತುಂಬುವ ಗಡಿಬಿಡಿಯಲ್ಲಿ "ನಂದು ಇದೆಯಲ್ಲ, ಅಂಥದ್ದೇ ತಗೋ" ಅಂದುಬಿಟ್ಟೆ. ದಯವಿಟ್ಟು ತಗೋಬೇಡ. ಇಲ್ಲಿ ಮೂರು ರಾತ್ರಿ ಚಳಿಯಲ್ಲಿ ನಿಂತಮೇಲೆ ಹೇಳುತ್ತಿದ್ದೇನೆ.

ಲೇಹ್‌ನಲ್ಲಿ ಎರಡು ದಿನ ಸುಮ್ಮನೆ ಮಲಗಿ ಉಸಿರು ಹೊಂದಿಸಿಕೊಂಡು, ಸಿಂಧೂ ನದಿಯನ್ನು ಪಕ್ಕದಲ್ಲಿಟ್ಟುಕೊಂಡು ಸುಮಾರು 250 ಕಿ.ಮೀ. ಬಂದರೆ ಹಾನ್ಲೆ. ಎರಡು ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದು ಪೇರಿಸಿದರೂ ಈ ಹಳ್ಳಿಯ ಎತ್ತರ ಮುಟ್ಟುವುದಿಲ್ಲ. ಮರ ಎಂಬುದೇ ಅಪರೂಪ. ಬಯಲಿನ ನಡುವೆ ಎದ್ದ ಗುಡ್ಡದ ಮೇಲೆ ಬಿಳಿ ಗುಮ್ಮಟಗಳು ಕಾಣುತ್ತವೆ. ಅದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ. ಅಲ್ಲಿರುವ 2 ಮೀಟರ್ ಕನ್ನಡಿಯ ದೂರದರ್ಶಕವನ್ನು ತಿರುಗಿಸುವವರು ಹೊಸಕೋಟೆಯಲ್ಲಿ ಕೂತಿರುತ್ತಾರೆ, ಉಪಗ್ರಹದ ಮೂಲಕ. ಬೆಚ್ಚಗೆ ಹೊಸಕೋಟೆಯಲ್ಲಿ ಕಾಫಿ ಕುಡಿಯುತ್ತ ಮಾಡಬಹುದಾದ ಕೆಲಸಕ್ಕೆ ನಾನು ಇಷ್ಟು ದೂರ ಬಂದು ಮೂಗು ಸೋರಿಸಿಕೊಂಡು ನಿಂತಿದ್ದೇನಲ್ಲ ಅಂತ ನಗು ಬಂತು.

ಈ ವೀಕ್ಷಣಾಲಯದ ಸುತ್ತಲಿನ 1,073 ಚದರ ಕಿ.ಮೀ. ಜಾಗವನ್ನು 2022ರಲ್ಲಿ ಕತ್ತಲ ಮೀಸಲು ಪ್ರದೇಶ ಎಂದು ಘೋಷಿಸಿದ್ದಾರೆ. ಕಾಡು, ಹುಲಿಗಳಿಗೆ ಮೀಸಲು ಕೇಳಿದ್ದೆವು, ಇಲ್ಲಿ ಕತ್ತಲೆಗೇ ಮೀಸಲು. ರಾತ್ರಿ ಬಿಳಿ ಟಾರ್ಚ್ ಹಾಕುವಂತಿಲ್ಲ, ಮನೆಗಳ ಕಿಟಕಿಗೆ ದಪ್ಪ ಪರದೆ. ಹೊರಗೆ ಓಡಾಡಲು ಕೆಂಪು ದೀಪ, ಅದೂ ಕೈಯಲ್ಲಿ ಮುಚ್ಚಿಕೊಂಡು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಸ್ಟ್ಯಾಂಡನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡುವುದೇ ಬೇರೆ, ಇಲ್ಲಿ ಉಣ್ಣೆ ಕೈಗವಸು ಹಾಕಿಕೊಂಡು ತಡವರಿಸುವುದೇ ಬೇರೆ.

ಮೊದಲ ರಾತ್ರಿಯ ಕಥೆ ಕೇಳು. ನನ್ನ ಸ್ಟ್ಯಾಂಡು ಒಂದು ಕಿಲೋಗೂ ಕಡಿಮೆ. ಡಬ್ಬಿಯ ಮೇಲೆ 10 ಕೆ.ಜಿ. ತಾಳುತ್ತದೆ ಅಂತ ದಪ್ಪಕ್ಷರದಲ್ಲಿ ಬರೆದಿತ್ತು, ನಾನೂ ನಂಬಿದ್ದೆ. ಐದು ಮಡಿಕೆಯ ಕಾಲು, ಎಲ್ಲವನ್ನೂ ಎಳೆದು, ಸಾಲದ್ದಕ್ಕೆ ನಡುಗಂಬವನ್ನೂ ಎತ್ತಿ ಕಣ್ಣಿನ ಮಟ್ಟಕ್ಕೆ ತಂದೆ. ಕ್ಯಾಮರಾ, ಲೆನ್ಸು ಸೇರಿ ಒಂದೂವರೆ ಕಿಲೋ ಇರಬಹುದು. 20 ಮಿ.ಮೀ. ಲೆನ್ಸು, 25 ಸೆಕೆಂಡು ಎಕ್ಸ್‌ಪೋಷರ್. ಅಷ್ಟರೊಳಗೆ ಮುಗಿದರೆ ಭೂಮಿ ತಿರುಗುವುದು ಚಿತ್ರದಲ್ಲಿ ಅಷ್ಟಾಗಿ ಕಾಣುವುದಿಲ್ಲ, ನಿನಗೆ ಗೊತ್ತಿರುವ ಲೆಕ್ಕವೇ. ಆದರೆ ಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು. ಚಿತ್ರ ದೊಡ್ಡದು ಮಾಡಿ ನೋಡಿದರೆ ಒಂದೊಂದು ನಕ್ಷತ್ರಕ್ಕೂ ಅವಳಿ, ಕೆಲವಕ್ಕೆ ಬಾಲ. ಜೀರಿಗೆ ಚೆಲ್ಲಿದ ಹಾಗೆ. ಆಮೇಲೆ ಕ್ಯಾಮರಾ ಕೂರುವ ಬಾಲ್‌ಹೆಡ್ಡಿನ ತಿರುಪು ಸಡಿಲಿಸಲು ಹೋದೆ. ಅದರಲ್ಲಿ ಎರಡು ತಿರುಪುಗಳೂ ಒಂದೇ ಗಾತ್ರ, ಒಂದೇ ಆಕಾರ. ಕತ್ತಲಲ್ಲಿ ತಪ್ಪಿದ್ದನ್ನು ತಿರುಗಿಸಿದೆ. ಸಭೆಯಲ್ಲಿ ತೂಕಡಿಸುವವರ ಹಾಗೆ ಕ್ಯಾಮರಾ ಗಪ್ಪನೆ ತಲೆ ಕೆಳಗೆ ಹಾಕಿತು. ಪುಣ್ಯಕ್ಕೆ ಕೈ ಅಡ್ಡ ಇತ್ತು.

ಪಕ್ಕದ ಕೋಣೆಯಲ್ಲಿ ಕೋಲ್ಕತ್ತಾದ ನಿವೃತ್ತ ಎಂಜಿನಿಯರ್ ಒಬ್ಬರಿದ್ದಾರೆ. ಮರುದಿನ ಬೆಳಿಗ್ಗೆ ಬಿಸಿಲಿನಲ್ಲಿ ಕೂತು ಬೆಣ್ಣೆ ಚಹಾ ಕುಡಿಯುವಾಗ ನನ್ನ ಸ್ಟ್ಯಾಂಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಳ್ಳೆಯದು, ಕೆಟ್ಟದು ಏನೂ ಅನ್ನಲಿಲ್ಲ. ಕೊನೆಯ ಮಡಿಕೆಯನ್ನು ಎಳೆದು ತಮ್ಮ ಪೆನ್ಸಿಲನ್ನು ಅದರ ಪಕ್ಕದಲ್ಲಿ ಹಿಡಿದರು ಅಷ್ಟೇ. ನನ್ನದರ ತುದಿಗಾಲು 10 ಮಿ.ಮೀ., ಪೆನ್ಸಿಲಿಗಿಂತ ಒಂದಿಷ್ಟು ದಪ್ಪ. ಅವರದ್ದು ನಾಲ್ಕೇ ಮಡಿಕೆ, ಮೇಲಿನ ಕೊಳವೆ 28 ಮಿ.ಮೀ., ತುದಿಯದು 19. ಆಮೇಲೆ ಅವರೇ ವಿವರಿಸಿದರು, ಕೊಳವೆಯ ಗೋಡೆ ಅಷ್ಟೇ ದಪ್ಪವಿದ್ದು ವ್ಯಾಸ ಮಾತ್ರ ಅರ್ಧಕ್ಕೆ ಇಳಿದರೆ ಗಟ್ಟಿತನ ಅರ್ಧವಾಗುವುದಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆಯಂತೆ. ಡಬ್ಬಿಯ ಮೇಲಿನ ಆ ಕಿಲೋ ಲೆಕ್ಕ ಕುಸಿಯದೆ ಎಷ್ಟು ಹೊರುತ್ತದೆ ಅಂತ ಹೇಳಬಹುದು, ಗಾಳಿಗೆ ನಡುಗದೆ ಎಷ್ಟು ಹೊರುತ್ತದೆ ಅಂತ ಹೇಳುವುದಿಲ್ಲ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಒಂದು ರೀತಿಯೂ ಇಲ್ಲ, ಒಬ್ಬೊಬ್ಬ ತಯಾರಕರದ್ದು ಒಂದೊಂದು ಲೆಕ್ಕ.

ಆದ್ದರಿಂದ ಅಣ್ಣ, ಅಂಗಡಿಗೆ ಹೋದಾಗ ಮೊದಲು ಕೊನೆಯ ಮಡಿಕೆ ಎಳೆಸಿ ನೋಡು. ನಡುಗಂಬ ಎತ್ತದೆ ಎಷ್ಟು ಎತ್ತರ ಬರುತ್ತದೆ ನೋಡು. ಎತ್ತಿದ ನಡುಗಂಬವೆಂದರೆ ಮೂರು ಕಾಲಿನ ತಲೆಯ ಮೇಲೆ ಒಂದು ಕಾಲಿನ ಸ್ಟ್ಯಾಂಡ್ ಇಟ್ಟ ಹಾಗೆ. ಕಣ್ಣಿನ ಮಟ್ಟಕ್ಕೇ ಬರಬೇಕೆಂಬ ಹಟವೂ ಬೇಡ. ನಿನ್ನ ಹೊಸ ಕ್ಯಾಮರಾದ ಹಿಂದಿನ ಪರದೆ ಮೇಲಕ್ಕೆ ತಿರುಗುತ್ತದಲ್ಲ, ಎದೆಮಟ್ಟ ಸಾಕು. ನಿನ್ನೆ ನಾನು ಹೋಂಸ್ಟೇಯ ಆಚೆ-ಲೆ ಕೊಟ್ಟ ಮೋಟು ಸ್ಟೂಲಿನ ಮೇಲೆ ಕೂತು, ತುದಿಯ ತೆಳು ಮಡಿಕೆ ಎಳೆಯದೆಯೇ ತೆಗೆದೆ. ಆಚೆ-ಲೆ ಅಂದರೆ ಇಲ್ಲಿ ಅಕ್ಕ ಅಂದ ಹಾಗೆ.

ಕಾರ್ಬನ್ನೋ ಅಲ್ಯೂಮಿನಿಯಮ್ಮೋ ಅಂತ ಕೇಳುತ್ತೀಯ. ಒಂದೇ ಮಾದರಿ ಎರಡರಲ್ಲೂ ಸಿಗುವ ಕಡೆ ಹೋಲಿಸುವುದು ಸುಲಭ. ಪೀಕ್ ಡಿಸೈನ್‌ನವರ ಟ್ರಾವೆಲ್ ಟ್ರೈಪಾಡ್ ಕಾರ್ಬನ್ನಿನದು 1.27 ಕೆ.ಜಿ., ಅಲ್ಯೂಮಿನಿಯಮ್ಮಿನದು 1.56. ವ್ಯತ್ಯಾಸ 300 ಗ್ರಾಮಿಗೂ ಕಡಿಮೆ, ಒಂದೆರಡು ತೆಂಗಿನಕಾಯಿ ಹೋಳಿನಷ್ಟು. ಬೆಲೆಯ ವ್ಯತ್ಯಾಸ ಮಾತ್ರ ಅಷ್ಟು ಸಣ್ಣದಲ್ಲ. ಕಾರ್ಬನ್ ಬೇಗ ನಡುಕ ನುಂಗುತ್ತದೆ, ಚಳಿಯಲ್ಲಿ ಕೈ ಸುಡುವುದಿಲ್ಲ. ಸುಡುವುದು ಅಂತಲೇ ಬರೆಯುತ್ತಿದ್ದೇನೆ, ನಸುಕಿನಲ್ಲಿ ಅಲ್ಯೂಮಿನಿಯಂ ಮುಟ್ಟಿ ನೋಡಿದರೆ ನಿನಗೂ ಗೊತ್ತಾಗುತ್ತದೆ. ಆದರೆ ನೀನು ಹೋಗುವುದು ಹಂಪಿಗೋ ಕೊಡಚಾದ್ರಿಗೋ. ಅಲ್ಯೂಮಿನಿಯಂ ತಗೊಂಡು ಕಾಲುಗಳ ಮೇಲಿನ ಮಡಿಕೆಗೆ ಫೋಮ್ ಸುತ್ತಿಸು, ಉಳಿದ ದುಡ್ಡನ್ನು ಒಳ್ಳೆಯ ಬಾಲ್‌ಹೆಡ್ಡಿಗೆ ಹಾಕು. ಮುಖ್ಯ ತಿರುಪು ದೊಡ್ಡದಾಗಿ, ಇನ್ನೊಂದು ಚಿಕ್ಕದಾಗಿ ಇರುವಂಥದ್ದು. ಕಣ್ಣು ಮುಚ್ಚಿ ತಡವಿ ನೋಡಿಯೇ ದುಡ್ಡು ಕೊಡು. ಅಂಗಡಿಯವನು ನಕ್ಕರೆ ನಗಲಿ.

ಹಂಪಿ ಅಂದಕೂಡಲೆ ನೆನಪಾಯಿತು. ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಸ್ಟ್ಯಾಂಡ್ ನಿಲ್ಲಿಸಲು ಮೊದಲೇ ಅನುಮತಿ ತಗೋಬೇಕು. ಹೊತ್ತುಕೊಂಡು ಹೋಗಿ ಗೇಟಿನಲ್ಲಿ ಬಿಟ್ಟುಬರುವ ಹಾಗಾಗದಿರಲಿ.

ಮಡಿಕೆ ಬಿಗಿಯುವ ಬೀಗದ ವಿಷಯದಲ್ಲಿ ನನ್ನ ಅಭಿಪ್ರಾಯ ಈ ಪ್ರವಾಸದಲ್ಲೇ ಬದಲಾಯಿತು. ತಿರುಚುವ ಬೀಗ ಸಪೂರ, ಚೀಲದಲ್ಲಿ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ, ಅದೇ ಚೆಂದ ಅಂತಿದ್ದೆ. ಹಾನ್ಲೆಗೆ ಮೊದಲು ನುಬ್ರಾದ ಹುಂಡರ್‌ಗೆ ಹೋಗಿದ್ದೆ, ಎರಡು ಡುಬ್ಬದ ಒಂಟೆಗಳಿರುವ ಮರಳುದಿಬ್ಬ. ದಪ್ಪ ಮಡಿಕೆಯನ್ನೇ ಮೊದಲು ಎಳೆಯಬೇಕೆಂಬ ಪಾಠ ಒಪ್ಪಿಸುತ್ತ, ತೆಳ್ಳಗಿನವನ್ನೆಲ್ಲ ಒಳಗೇ ಬಿಟ್ಟು ನಿಲ್ಲಿಸಿದೆ. ಬೀಗಗಳೆಲ್ಲ ಕೆಳಗೆ ಗುಂಪಾಗಿ ಮರಳಿನಲ್ಲಿ ಮುಳುಗಿದವು. ಆಮೇಲೆ ತಿರುಚಿದಾಗಲೆಲ್ಲ ರಾಗಿಕಲ್ಲು ಬೀಸುವ ಸದ್ದು. ಮರಳು, ಹೊಳೆ, ಕೆಸರು ಇರುವ ಕಡೆ ಪಾಠ ತಿರುಗಾಮುರುಗಾ: ತುದಿಯ ತೆಳ್ಳನೆಯ ಮಡಿಕೆಯನ್ನೇ ಪೂರ್ತಿ ಎಳೆದು ಬೀಗವನ್ನು ಮೇಲಕ್ಕೆ ತರಬೇಕು, ಗಟ್ಟಿತನ ಒಂದಿಷ್ಟು ಹೋದರೂ ಸರಿ. ತಿರುಚುವ ಬೀಗವನ್ನು ಬಿಚ್ಚಿ ತೊಳೆದು ಒಣಗಿಸಿದೆ, ಅರ್ಧ ದಿನ ಹಿಡಿಯಿತು. ಎತ್ತಿ ಮುಚ್ಚುವ ಚಿಟಿಕೆ ಬೀಗವಾದರೆ ತೆರೆದಿದೆಯೋ ಮುಚ್ಚಿದೆಯೋ ಕೈಗೇ ಗೊತ್ತಾಗುತ್ತದೆ. ನಿನ್ನ ಸ್ವಭಾವಕ್ಕೆ ಚಿಟಿಕೆಯದೇ ಸರಿ. ತೊಳೆಯುವವನಲ್ಲ ನೀನು.

ಎರಡನೆಯ ರಾತ್ರಿ ಎಂಜಿನಿಯರ್ ತಮ್ಮ ಸ್ಟ್ಯಾಂಡ್ ಕೊಟ್ಟು ತಾವು ಬೇಗ ಮಲಗಿದರು. 1.8 ಕಿಲೋ, ನನ್ನದರ ಎರಡರಷ್ಟು. ಗಾಳಿ ಹಾಗೆಯೇ ಇತ್ತು. ನಡುವಿನ ಕೊಕ್ಕೆಗೆ ಕ್ಯಾಮರಾ ಚೀಲ ತೂಗಿಹಾಕಿದೆ, ಭಾರ ಬಿದ್ದರೆ ನಿಲ್ಲುತ್ತದೆ ಅಂತ. ಚೀಲ ಗಂಟೆಯ ನಾಲಗೆಯ ಹಾಗೆ ತೂಗಾಡಿ ಸ್ಟ್ಯಾಂಡನ್ನೇ ಅಲ್ಲಾಡಿಸಿತು. ಆಗ ಅಪ್ಪಯ್ಯನ ನೆನಪಾಯಿತು. ಜೋಗದಲ್ಲಿ ಮಳೆಗಾಲದ ಗಾಳಿಗೆ ಅವನು ಆ ಮರದ ಸ್ಟ್ಯಾಂಡಿನ ನಡುವಿನಿಂದ ಬಾಳೆಹಗ್ಗ ಇಳಿಬಿಟ್ಟು, ತುದಿಯ ಕುಣಿಕೆಯೊಳಗೆ ತನ್ನ ಕಾಲು ತೂರಿಸಿ ಬಿಗಿಯಾಗಿ ಮೆಟ್ಟಿ ನಿಲ್ಲುತ್ತಿದ್ದನಲ್ಲ. ನಾವಿಬ್ಬರೂ ಅವನಿಗೆ ಕೊಡೆ ಹಿಡಿದು ಒದ್ದೆಯಾಗಿ ಬೈಯಿಸಿಕೊಳ್ಳುತ್ತಿದ್ದೆವು. ನನ್ನ ಶಾಲನ್ನೇ ಕೊಕ್ಕೆಗೆ ಗಂಟು ಹಾಕಿ ಕೆಳಗಿನ ಕುಣಿಕೆಯಲ್ಲಿ ಪಾದ ಇಟ್ಟು ಮೆಟ್ಟಿದೆ. ಉಸಿರು ಬಿಗಿಹಿಡಿದು 25 ಸೆಕೆಂಡು. ಎರಡು ಸೆಕೆಂಡಿನ ಟೈಮರ್ ಹಾಕಿದ್ದರಿಂದ ಬೆರಳು ಒತ್ತಿದ ಅದುರೂ ಇಲ್ಲ. ನಕ್ಷತ್ರಗಳು ಸಾಸಿವೆ ಕಾಳಿನ ಹಾಗೆ ದುಂಡಗೆ ಬಂದವು.

ಆಕಾಶಗಂಗೆಯ ನಡುಭಾಗ ಇಲ್ಲಿ ದಕ್ಷಿಣದ ಗುಡ್ಡಗಳಿಗೆ ತೀರ ಹತ್ತಿರ, ಕೆಳಗೇ ಇರುತ್ತದೆ. ನಮ್ಮೂರು ಸಾಗರದಲ್ಲೇ ಅದು ಇದಕ್ಕಿಂತ ಎಷ್ಟೋ ಮೇಲೆ ಬರುತ್ತದೆ, ಕಾಣುವಷ್ಟು ಕತ್ತಲೆ ಪೇಟೆಯಲ್ಲಿ ಉಳಿದಿಲ್ಲ ಅಷ್ಟೇ. ಧ್ರುವನಕ್ಷತ್ರದ ಕಥೆ ತಿರುಗಾಮುರುಗಾ. ಊರಿನಲ್ಲಿ ಅದು ದಿಗಂತದಿಂದ 14 ಡಿಗ್ರಿ, ತೋಟದ ಅಡಿಕೆ ಮರಗಳ ಹಿಂದೆ. ನಾನು ಹುಟ್ಟಿ ಬೆಳೆದ ಮನೆಯಿಂದ ಒಮ್ಮೆಯೂ ನೋಡಿರಲಿಲ್ಲ. ಇಲ್ಲಿ ಸುಮಾರು 33 ಡಿಗ್ರಿ, ತಲೆ ಎತ್ತಿದರೆ ಸಿಗುತ್ತದೆ. ನಿನ್ನೆ ಅದನ್ನೇ ನಡುವೆ ಇಟ್ಟು ಎರಡು ಗಂಟೆ ಸಾಲಾಗಿ ಚಿತ್ರ ತೆಗೆದೆ. ಮಿಕ್ಕೆಲ್ಲ ನಕ್ಷತ್ರಗಳು ಅದರ ಸುತ್ತ ಗೆರೆ ಎಳೆದಿವೆ. ಎರಡು ಗಂಟೆಯೂ ಶಾಲು ಮೆಟ್ಟಿ ನಿಲ್ಲಲಾಗುತ್ತದೆಯೇ, ಸ್ಟ್ಯಾಂಡಿನ ಮೂರು ಕಾಲಿಗೂ ಕಲ್ಲು ಒತ್ತರಿಸಿ ಒಳಗೆ ಹೋಗಿ ಥುಕ್ಪಾ ಕುಡಿದೆ.

ಒಂದೂವರೆಯಿಂದ ಎರಡು ಕಿಲೋದೊಳಗಿನದು ನೋಡು. ಅದಕ್ಕಿಂತ ಹಗುರ ನಂಬಬೇಡ, ಅದಕ್ಕಿಂತ ಭಾರವಾದರೆ ನೀನು ಕೋಣೆಯಲ್ಲೇ ಬಿಟ್ಟು ಹೋಗುತ್ತೀಯ, ನನಗೆ ಗೊತ್ತು. ಅಪ್ಪಯ್ಯನ ಮರದ್ದು ಸ್ಟುಡಿಯೋದಲ್ಲೇ ಇರಲಿ, ಗುಜರಿಗೆ ಹಾಕುವ ಮಾತು ಇನ್ನೊಮ್ಮೆ ಎತ್ತಬೇಡ.

ಲೇಹ್‌ಗೆ ಇಳಿದಮೇಲೆ ಇದನ್ನು ಅಂಚೆಗೆ ಹಾಕುತ್ತೇನೆ. ನಾನು ಕಿವಿ ಮುಚ್ಚುವ ಟೋಪಿ ಹಾಕಿಕೊಂಡೇ ಹೊರಗೆ ಹೋಗುತ್ತಿದ್ದೇನೆ ಅಂತ ಅಮ್ಮನಿಗೆ ಹೇಳು.

ನಿನ್ನ ತಂಗಿ

ಮರೆತಿದ್ದೆ: ಸ್ಟ್ಯಾಂಡಿನ ಜತೆ ಡಬ್ಬಿಯಲ್ಲಿ ಒಂದು ಪುಟ್ಟ ಅಲೆನ್ ಕೀ ಕೊಡುತ್ತಾರೆ. ಕಾಲಿನ ಕೀಲು ಸಡಿಲವಾದರೆ ಬಿಗಿಯಲು ಅದೇ ಬೇಕು. ನನ್ನದು ಬೆಂಗಳೂರಿನ ಮನೆಯಲ್ಲಿ ಟಿವಿ ಮೇಲೆ ಕೂತಿದೆ. ನಿನ್ನದನ್ನು ತಂದ ದಿನವೇ ಚೀಲದ ಜಿಪ್ಪಿಗೆ ಕಟ್ಟಿಬಿಡು.