ಝರ್ ಎನ್ನುವ ತಂತಿ

ಜಿಗಣಿಯಲ್ಲಿ ಸದ್ದಿಗೆ ಬರವಿಲ್ಲ. ಕೈಗಾರಿಕಾ ಪ್ರದೇಶದ ಗ್ರಾನೈಟ್ ಕಾರ್ಖಾನೆಗಳಲ್ಲಿ ಕಲ್ಲು ಕೊಯ್ಯುವ ಗರಗಸಗಳು, ರಸ್ತೆಯಲ್ಲಿ ಭಾರ ಹೊತ್ತ ಲಾರಿಗಳು, ಕರೆಂಟು ಹೋದರೆ ಜನರೇಟರುಗಳು. ಇಂಥ ಊರಿನ ಬಾಡಿಗೆ ಮನೆಯೊಂದರಲ್ಲಿ ಎಲೆಕ್ಟ್ರಿಕ್ ಗಿಟಾರಿನ ಒಂದು ಸಣ್ಣ ಝರ್ ಸದ್ದು ಮನೆಮಂದಿಯ ನೆಮ್ಮದಿ ಕೆಡಿಸಿತ್ತು ಎಂದರೆ ನಂಬುವುದು ಕಷ್ಟ.

ಗಿಟಾರು ದ್ವಿತೀಯ ಪಿಯುಸಿ ಓದುವ ಹುಡುಗನದು. ಹಬ್ಬಕ್ಕೆ ಬಂದ ದುಡ್ಡು ಕೂಡಿಟ್ಟು ಮಳೆಗಾಲದಲ್ಲಿ ಪರಿಚಯದವರಿಂದ ಕೊಂಡ ಹಳೆಯ ವಾದ್ಯ. ಅಪ್ಪ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಫಿಟ್ಟರ್. ಮಾರ್ಕ್ಸು ಇಳಿಯಬಾರದು ಎಂಬ ಷರತ್ತಿನ ಮೇಲೆ ಒಪ್ಪಿದ್ದವರು. ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮಾರ್ಕ್ಸು ಇಳಿಯಿತು. ಫೆಬ್ರುವರಿಯಲ್ಲಿ ಗಿಟಾರು ಝರ್ ಎನ್ನತೊಡಗಿತು. ಎರಡೂ ಒಟ್ಟಿಗೆ ಬಂದದ್ದರಿಂದ ಅಪ್ಪನಿಗೆ ಎರಡೂ ಒಂದೇ ಆಗಿ ಕಂಡಿತು. 'ಇದೇನ್ಲಾ, ಬೇರಿಂಗ್ ಹೋದ ಮಿಕ್ಸಿ ಥರ ಕಿರುಚ್ತದೆ. ಗುಜರಿಗೆ ಹಾಕು' ಎಂದರು. ಪೇಟೆಯ ಅಂಗಡಿಯವರು ಫ್ರೆಟ್ಟುಗಳನ್ನೆಲ್ಲ ಬದಲಾಯಿಸಬೇಕೆಂದು ಹೇಳಿದ ಖರ್ಚು, ಗಿಟಾರಿನ ಬೆಲೆಯ ಹತ್ತಿರಕ್ಕೇ ಬಂದಿತ್ತು. ಭಾನುವಾರದೊಳಗೆ ಬಂದಷ್ಟಕ್ಕೆ ಮಾರಿಬಿಡುವುದೆಂದು ತೀರ್ಮಾನವಾಯಿತು. ಹುಡುಗ ಎದುರು ಮಾತಾಡಲಿಲ್ಲ. ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಮಾರುವ ಮುಂಚೆ ಅಪ್ಪ ಅದನ್ನೊಮ್ಮೆ ಮಡಿಲಲ್ಲಿಟ್ಟುಕೊಂಡು ನೋಡಿದರು. ಯಂತ್ರದ ಮುಂದೆ ಆಯುಷ್ಯ ಕಳೆದವರಿಗೆ ಸದ್ದು ಕೇಳಿದರೆ ಕೈ ಸುಮ್ಮನಿರುವುದಿಲ್ಲ. 'ಎಲ್ಲಾ ಕಡೆ ಬರ್ತದಾ, ಒಂದೇ ಕಡೆನಾ?' ಎಂದು ಕೇಳಿದರು. ಹುಡುಗ ಒಂದೊಂದೇ ಫ್ರೆಟ್ಟಿನಲ್ಲಿ ತಂತಿ ಒತ್ತಿ ಮೀಟಿ ತೋರಿಸಿದ. ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಎಲ್ಲ ತಂತಿಗಳೂ ಝರ್ ಎನ್ನುತ್ತಿದ್ದವು. ಅದರಿಂದಾಚೆ, ಒಂದೇ ಒಂದು ಜಾಗ ಬಿಟ್ಟರೆ, ಸದ್ದು ಶುದ್ಧವಾಗಿತ್ತು.

ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡಲಾಗಿ ಕೂರಿಸಿದ ಇಪ್ಪತ್ತೊಂದೋ ಇಪ್ಪತ್ತೆರಡೋ ಲೋಹದ ಪಟ್ಟಿಗಳೇ ಫ್ರೆಟ್ಟುಗಳು. ಒಂದರ ಹಿಂದೆ ತಂತಿಯನ್ನು ಒತ್ತಿದರೆ ಅಲ್ಲಿಂದ ಆಚೆ ತುದಿಯ ಬ್ರಿಡ್ಜ್‌ನವರೆಗಿನ ಭಾಗ ಮಾತ್ರ ಕಂಪಿಸುತ್ತದೆ. ಕಂಪಿಸುವ ತಂತಿಗೆ ಎರಡೂ ತುದಿಯಲ್ಲಿ ಚಲನೆಯಿಲ್ಲ, ನಡುವೆ ಹೊಟ್ಟೆ ಉಬ್ಬುತ್ತದೆ. ಪ್ರಥಮ ಪಿಯುಸಿಯ ಪ್ರಯೋಗಾಲಯದಲ್ಲಿ ಸೋನೋಮೀಟರ್ ಮುಟ್ಟಿದವರೆಲ್ಲ ಕಂಡ ಸಂಗತಿಯೇ ಇದು. ಆ ಹೊಟ್ಟೆ ಮುಂದಿನ ಫ್ರೆಟ್ಟುಗಳಿಗೆ ತಾಗಿದರೆ ಝರ್. ಬೆರಳಿಗೆ ನೋವಾಗದಂತೆ ತಂತಿ ತಗ್ಗಿನಲ್ಲಿರಬೇಕು, ತಾಗದಂತೆ ಎತ್ತರದಲ್ಲೂ ಇರಬೇಕು. ಈ ಎರಡರ ನಡುವೆ ಉಳಿಯುವ ಜಾಗ ಹೆಚ್ಚೆಂದರೆ ಒಂದು ಮಿಲಿಮೀಟರ್.

ಆರು ತಂತಿಗಳು ಸೇರಿ ಕತ್ತನ್ನು ಸುಮಾರು 45 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತವೆ, ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲದ ತೂಕ. ಬರೀ ಮರವಾದರೆ ಬಿಲ್ಲಿನಂತೆ ಬಾಗೀತು. ಅದಕ್ಕೇ ಮರದೊಳಗೆ ಉಕ್ಕಿನ ಒಂದು ಸರಳು ಹುದುಗಿಸಿರುತ್ತಾರೆ. ಅದರ ಹೆಸರು ಟ್ರಸ್ ರಾಡ್. ಅದನ್ನು ಬಿಗಿ ಮಾಡಿದರೆ ಕತ್ತು ನೆಟ್ಟಗಾಗುತ್ತದೆ, ಸಡಿಲಿಸಿದರೆ ತಂತಿಗಳ ಎಳೆತಕ್ಕೆ ಮುಂದಕ್ಕೆ ಬಾಗುತ್ತದೆ. ಪೂರ್ತಿ ನೆಟ್ಟಗೂ ಇರಬಾರದು. ತಂತಿಯ ಹೊಟ್ಟೆಗೆ ಜಾಗ ಕೊಡಲು ಕೂದಲೆಳೆಯಷ್ಟು ಬಾಗು ಬೇಕು.

ಆ ಬಾಗನ್ನು ಅಳೆಯುವುದಕ್ಕೆ ಬೇರೆ ಉಪಕರಣ ಬೇಡ, ತಂತಿಯೇ ಅಳತೆಗೋಲು. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕತ್ತು ಮೈಗೆ ಸೇರುವ ಫ್ರೆಟ್ಟಿನಲ್ಲೂ ಒತ್ತಿ ಹಿಡಿದು, ನಡುವೆ ಏಳನೆಯ ಫ್ರೆಟ್ಟಿನ ನೆತ್ತಿಗೂ ತಂತಿಗೂ ಎಷ್ಟು ಸಂದು ಎಂದು ನೋಡಬೇಕು. ಸುಮಾರು 0.25 ಮಿಲಿಮೀಟರ್ ಇದ್ದರೆ ಸರಿ. ಅಪ್ಪ ಟೂಲ್ ಬಾಕ್ಸಿನಿಂದ ಫೀಲರ್ ಗೇಜ್ ತಂದರು. 'ಹತ್ತು ಥೌ ಅನ್ನು' ಎಂದರು. ಹಳೆಯ ಫಿಟ್ಟರುಗಳಿಗೆ ಇಂಚಿನ ಸಾವಿರದ ಭಾಗದ ಲೆಕ್ಕ ಇನ್ನೂ ನಾಲಗೆಯ ಮೇಲಿದೆ. ಹತ್ತರದಿರಲಿ, ಎರಡು ಥೌ ಎಲೆಯೂ ಸಂದಿನಲ್ಲಿ ತೂರಲಿಲ್ಲ. ಮಳೆಗಾಲದಲ್ಲಿ ತೇವ ಹೀರಿದ್ದ ಮರ ಫೆಬ್ರುವರಿಯ ಒಣಹವೆಗೆ ಆರಿ, ಇದ್ದ ಬಾಗೂ ಹೋಗಿತ್ತು.

ಇಲ್ಲಿ ಅಪ್ಪನ ಅನುಭವವೇ ಅವರಿಗೆ ಅಡ್ಡ ಬಂತು. ಯಂತ್ರ ಗಡಗಡ ಎಂದರೆ ಎಲ್ಲೋ ನಟ್ಟು ಸಡಿಲ. ಬಿಗಿ ಮಾಡಿದರೆ ಸದ್ದು ನಿಲ್ಲುತ್ತದೆ. ಗಿಟಾರಿನಲ್ಲಿ ಈ ಲಕ್ಷಣಕ್ಕೆ ಮದ್ದು ತಿರುಗಾಮುರುಗ. 'ಅಪ್ಪಾ, ಬಿಗಿ ಮಾಡಿದ್ರೆ ಇನ್ನೂ ನೆಟ್ಟಗಾಗ್ತದೆ, ಇನ್ನೂ ತಾಗ್ತದೆ' ಎಂದು ಹುಡುಗ ಕಾಗದದ ಮೇಲೆ ಗೆರೆ ಎಳೆದು ತೋರಿಸಿದ. ಅಪ್ಪ ಗೆರೆಯನ್ನು ಒಂದು ನಿಮಿಷ ದಿಟ್ಟಿಸಿದರು. ಮಗ ಹೇಳಿದ ಲೆಕ್ಕವನ್ನು ಒಪ್ಪಿಕೊಳ್ಳುವುದಕ್ಕೆ ಆ ಮನೆಯಲ್ಲಿ ಅಷ್ಟು ಹೊತ್ತು ಹಿಡಿದದ್ದು ಹೆಚ್ಚೇನಲ್ಲ. ಅಲೆನ್ ಕೀ ಎಡಕ್ಕೆ ಕಾಲು ಸುತ್ತು ತಿರುಗಿತು, ಅಷ್ಟೇ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವವರು ಸರಳನ್ನು ಮುರಿದುಕೊಂಡಾರು. ಮರ ನಿಧಾನವಾಗಿ ಬಾಗುವ ವಸ್ತು. ಮತ್ತೆ ಶ್ರುತಿ ಮಾಡಿ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಆರು ಥೌ. ಇನ್ನೊಂದು ಕಾಲು ಸುತ್ತು, ಸಂಜೆಗೆ ಹತ್ತು.

ಆಮೇಲಿನದು ಎತ್ತರ. ಬ್ರಿಡ್ಜ್ ಮೇಲೆ ಪ್ರತಿ ತಂತಿಗೂ ಒಂದೊಂದು ಪುಟ್ಟ ಸ್ಯಾಡಲ್, ಅದಕ್ಕೆ ತಿರುಪು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ದಪ್ಪ ತಂತಿ ಸುಮಾರು 2 ಮಿಲಿಮೀಟರ್, ಸಣ್ಣ ತಂತಿ 1.5 ಇರುವಂತೆ ಹೊಂದಿಸಿದರು. ಕತ್ತಿನ ಬಾಗು ಸರಿಮಾಡದೆ ಮೊದಲೇ ತಿರುಪಿಗೆ ಕೈ ಹಾಕಿದರೆ ಎರಡು ಸಲ ಕೆಲಸ.

ಒಂದು ಜಾಗ ಮಾತ್ರ ಹಟ ಹಿಡಿದಿತ್ತು: ಎರಡನೆಯ ತಂತಿ, ಒಂಬತ್ತನೆಯ ಫ್ರೆಟ್ಟು. ಅಲ್ಲಿ ಝರ್ ಎಂದರೆ ತಪ್ಪಿತಸ್ಥ ಹತ್ತನೆಯದು. ತುಂಡು ಸ್ಟೀಲ್ ಸ್ಕೇಲನ್ನು ಒಂಬತ್ತು, ಹತ್ತು, ಹನ್ನೊಂದರ ಮೇಲೆ ಇಟ್ಟರೆ ತೊಟ್ಟಿಲಿನಂತೆ ತೂಗಿತು. ಅಪ್ಪನ ಕೈ ಅರದ ಕಡೆ ಹೋಯಿತು, ಅಲ್ಲೇ ನಿಂತಿತು. ಉಜ್ಜಿ ತೆಗೆದ ಲೋಹ ಮತ್ತೆ ಬರುವುದಿಲ್ಲ ಎಂಬುದನ್ನು ಫಿಟ್ಟರಿಗೆ ಯಾರೂ ಕಲಿಸಬೇಕಾಗಿಲ್ಲ. ಬೆರಳಿನಿಂದ ಒತ್ತಿ ನೋಡಿದರೆ ಪಟ್ಟಿಯ ತುದಿ ಸ್ವಲ್ಪ ಮೇಲೆದ್ದಿತ್ತು. ಕತ್ತಿನ ಕೆಳಗೆ ಮಡಿಸಿದ ಟವೆಲ್ ಕೊಟ್ಟು ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಎರಡು ಮೆದು ಪೆಟ್ಟು, ಕೂತಿತು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಅಮ್ಮ ಕೇಳಿದ್ದು ಒಳ್ಳೆಯ ಪ್ರಶ್ನೆ. 'ಭಜನೇಲಿ ತಂಬೂರಿನೂ ಹಿಂಗೇ ಝೇಂ ಅಂತದಲ್ಲ, ಅದನ್ನ ಯಾರೂ ರಿಪೇರಿ ಮಾಡ್ಸಲ್ವಲ್ಲ?' ಇದೇ ಬಗೆಯ ಪ್ರಶ್ನೆ ಸಿ.ವಿ. ರಾಮನ್ ಅವರನ್ನೂ ಕಾಡಿತ್ತು. ಬೆಂಗಳೂರಿಗೆ ಬರುವ ಮೊದಲು, ಕಲ್ಕತ್ತದಲ್ಲಿದ್ದಾಗ, 1921ರಲ್ಲಿ ಅವರು ತಂಬೂರಿ ಮತ್ತು ವೀಣೆಯ ಮೇಲೆ ಪ್ರಬಂಧ ಪ್ರಕಟಿಸಿದರು. ತಂತಿಯನ್ನು ನಡುಮಧ್ಯದಲ್ಲಿ ಮೀಟಿದರೆ, ಅಲ್ಲಿ ನಿಶ್ಚಲ ಬಿಂದು ಇರುವ ಉಪಸ್ವರಗಳು ಕೇಳಬಾರದೆಂಬುದು ಥಾಮಸ್ ಯಂಗ್‌ನ ನಿಯಮ. ತಂಬೂರಿ ಅದನ್ನು ಪಾಲಿಸುವುದಿಲ್ಲವೆಂದು ರಾಮನ್ ತೋರಿಸಿದರು. ಕಾರಣ ಅದರ ಕುದುರೆ, ಅಂದರೆ ಬ್ರಿಡ್ಜ್. ಅದರ ಬೆನ್ನು ಅಗಲವಾಗಿ, ನಯವಾಗಿ ಇಳಿಜಾರಾಗಿದೆ. ಕೆಳಗೆ ಎಳೆ ದಾರ ಸಿಕ್ಕಿಸಿದರೆ ಕಂಪಿಸುವ ತಂತಿ ಆ ಬೆನ್ನನ್ನು ಲಯಬದ್ಧವಾಗಿ ಸವರುತ್ತ ಉಪಸ್ವರಗಳನ್ನು ಎಬ್ಬಿಸುತ್ತದೆ. ಹಿಂದೂಸ್ತಾನಿ ಗವಾಯಿಗಳು ಅದನ್ನು ಜವಾರಿ ಎನ್ನುತ್ತಾರೆ. ಗಿಟಾರಿನ ಝರ್ ಹಾಗಲ್ಲ. ಅಲ್ಲಿ ತಂತಿ ಅಡ್ಡಾದಿಡ್ಡಿ ತಾಗಿ, ನಾದ ಬೇಗ ಸಾಯುತ್ತದೆ. ವೀಣೆಯವರ ಕಷ್ಟ ಇನ್ನೊಂದು ಬಗೆಯದು: ಅಲ್ಲಿ 24 ಮೆಟ್ಟಿಲುಗಳು ಕೂರುವುದು ಮೇಣದಲ್ಲಿ. ಮೇಳ ಕಟ್ಟುವವರು ಮೇಣ ಕಾಯಿಸಿ, ಕಿವಿಯೊಂದನ್ನೇ ನಂಬಿ ಪ್ರತಿ ಮೆಟ್ಟಿಲನ್ನೂ ಎತ್ತರಿಸಿ ತಗ್ಗಿಸಿ ಸರಿಸುತ್ತಾರೆ. ಅವರ ಮುಂದೆ ಫೀಲರ್ ಗೇಜು ಮಕ್ಕಳಾಟ.

ಗಿಟಾರಿನ ಫ್ರೆಟ್ಟು ಸರಿಯುವುದಿಲ್ಲವಾದ್ದರಿಂದ ಶ್ರುತಿಯ ಕೊನೆಯ ತಿದ್ದುಪಡಿ ತಂತಿಯ ಉದ್ದದಲ್ಲೇ ಆಗಬೇಕು. ತಂತಿಯ ನಡುಭಾಗವಾದ ಹನ್ನೆರಡನೆಯ ಫ್ರೆಟ್ಟಿನ ಮೇಲೆ ಬೆರಳನ್ನು ಬರೀ ಸೋಕಿಸಿ ಮೀಟಿದ ಸ್ವರವೂ ಅಲ್ಲೇ ಒತ್ತಿ ಮೀಟಿದ ಸ್ವರವೂ ಒಂದೇ ಇರಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಿ ತಂತಿಯನ್ನು ಉದ್ದ ಮಾಡಬೇಕು. ಮೊಬೈಲಿನ ಟ್ಯೂನರ್ ನೋಡಿಕೊಂಡು ಹುಡುಗ ಇದನ್ನು ಒಬ್ಬನೇ ಮುಗಿಸಿದ.

ಭಾನುವಾರ ಬಂತು, ಯಾರೂ ಮಾರುವ ಮಾತೆತ್ತಲಿಲ್ಲ. ಆದರೆ ಆಂಪ್ಲಿಫೈಯರ್ ಹಾಕಿದಾಗ ಇನ್ನೊಂದು ಸದ್ದು ಕೇಳಿತು: ಝರ್ ಅಲ್ಲ, ಸಣ್ಣಗೆ ಗುಂಯ್. ತಂತಿ ಮುಟ್ಟಿದರೂ ಅದು ತಗ್ಗಲಿಲ್ಲ. ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ಉಕ್ಕಿನ ತಂತಿಯ ಅಲುಗಾಟದ ಜೊತೆಗೆ ಮನೆಯ ವೈರಿಂಗಿನ 50 ಹರ್ಟ್ಜ್ ಕರೆಂಟಿನ ಗುಂಗನ್ನೂ ಹಿಡಿಯುತ್ತದೆ. ಅದು ಸಾಮಾನ್ಯ. ಆದರೆ ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ ಆಂಪ್ಲಿಫೈಯರಿನ ಅರ್ಥಿಂಗಿಗೆ ಸೇರಿರುತ್ತವೆ. ಮುಟ್ಟಿದಾಗ ಗುಂಯ್ ಸಾಮಾನ್ಯವಾಗಿ ತಗ್ಗಬೇಕು. ಅಪ್ಪ ಮೇನ್ ಆಫ್ ಮಾಡಿ ಮೂರು ಪಿನ್ನಿನ ಸಾಕೆಟ್ ಬಿಚ್ಚಿದರು. ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರಲಿಲ್ಲ.

ಮಗುವಿಗೆ ಎಲೆಕ್ಟ್ರಿಕ್ ಗಿಟಾರು ಕೊಡಿಸುವ ಪೋಷಕರು ಮೊದಲು ನೋಡಬೇಕಾದ್ದು ಇದನ್ನು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಆಂಪ್ಲಿಫೈಯರ್ ಒಳಗೆ ಕರೆಂಟು ಸೋರಿದರೆ ಅದು ನೇರ ತಂತಿಗೆ, ತಂತಿಯಿಂದ ಬೆರಳಿಗೆ ಬರಬಹುದು. 1972ರ ಮೇ ತಿಂಗಳಲ್ಲಿ ಸ್ಕಾಟ್‌ಲೆಂಡಿನ ಗಿಟಾರ್ ವಾದಕ ಲೆಸ್ ಹಾರ್ವೆ ವೇಲ್ಸ್‌ನ ಸ್ವಾನ್ಸೀಯಲ್ಲಿ ವೇದಿಕೆಯ ಮೇಲೇ ಮೈಕ್ ಮುಟ್ಟಿ ವಿದ್ಯುದಾಘಾತದಿಂದ ತೀರಿಕೊಂಡರು. ಅಲ್ಲಿಯೂ ಅರ್ಥಿಂಗ್ ಸರಿಯಿರಲಿಲ್ಲ. ಜಿಗಣಿಯ ಮನೆಗೆ ಎಲೆಕ್ಟ್ರಿಷಿಯನ್ ಬಂದು ವೈರ್ ಎಳೆಯುವವರೆಗೆ ಮೂರು ದಿನ ಆಂಪ್ಲಿಫೈಯರಿನ ಪ್ಲಗ್ಗು ಅಪ್ಪನ ಆಜ್ಞೆಯಂತೆ ಕಿತ್ತೇ ಇತ್ತು. ಹುಡುಗ ಆ ಮೂರು ರಾತ್ರಿ ಲೆಕ್ಕ ಮಾಡಿ ಮುಗಿಸಿ, ಹತ್ತು ನಿಮಿಷ ಬರಿಯ ತಂತಿಯನ್ನು ಮೀಟಿ ಮಲಗಿದ.